ಔಷಧವಿಲ್ಲದೆ ಬ್ಯಾಕ್ಟೀರಿಯಾ ಕೊಲ್ಲುವ ಮೇಲ್ಮೈ: ಎಲೆನಾ ಇವನೋವಾ ಸಂಶೋಧನೆಯ ಟಿಪ್ಪಣಿ

ಮೂಳೆಗೆ ಕೂರಿಸಿದ ಇಂಪ್ಲಾಂಟಿನ (ದೇಹದೊಳಗೆ ಇಡುವ ಕೃತಕ ಭಾಗ) ಮೇಲೆ ಬ್ಯಾಕ್ಟೀರಿಯಾ ಒಮ್ಮೆ ಬಯೋಫಿಲ್ಮ್ ಎಂಬ ಅಂಟುಪದರ ಕಟ್ಟಿಕೊಂಡರೆ ಆಂಟಿಬಯಾಟಿಕ್ ಅದಕ್ಕೆ ಸುಲಭವಾಗಿ ನಾಟುವುದಿಲ್ಲ. ಎಷ್ಟೋ ಸಲ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ಬೆಳ್ಳಿಯ ನ್ಯಾನೊಕಣಗಳನ್ನು ಲೇಪಿಸುವುದು ಒಂದು ದಾರಿ. ಆದರೆ ಅವು ಕೊಲ್ಲುವುದು ಮುಖ್ಯವಾಗಿ ಬೆಳ್ಳಿ ಅಯಾನುಗಳನ್ನು (ವಿದ್ಯುದಾವೇಶವಿರುವ ಪರಮಾಣುಗಳು) ಬಿಟ್ಟುಕೊಟ್ಟು; ಅಯಾನು ತೀರಿದರೆ ಕೆಲಸವೂ ನಿಂತಿತು. ಆಸ್ಟ್ರೇಲಿಯಾದ ಮೆಲ್ಬರ್ನಿನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಎಲೆನಾ ಇವನೋವಾ ಮತ್ತು ಸಂಗಡಿಗರು 2012ರಲ್ಲಿ ಬೇರೆಯೇ ದಾರಿ ತೋರಿಸಿದರು: ಕೊಲ್ಲಲು ರಾಸಾಯನಿಕ ಬೇಕಿಲ್ಲ, ಆಕಾರ ಸಾಕು.

ಅವರು ನೋಡಿದ್ದು ಸಿಕಾಡ ಎಂಬ ಕೀಟದ ರೆಕ್ಕೆ. ಅದರ ಮೇಲೆ ಸುಮಾರು 200 ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಮೀಟರ್) ಎತ್ತರದ ಕಂಬಗಳು ಒತ್ತೊತ್ತಾಗಿ ನಿಂತಿವೆ. ನೀರು ನಿಲ್ಲದ ರೆಕ್ಕೆಗೆ ಬ್ಯಾಕ್ಟೀರಿಯಾವೂ ಅಂಟಲಾರದು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಸೂಡೊಮೊನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ಚೆನ್ನಾಗಿಯೇ ಅಂಟಿತು, ಅಂಟಿದ್ದು ಕೆಲವೇ ನಿಮಿಷಗಳಲ್ಲಿ ಸತ್ತಿತು.

ಸಾವಿಗೆ ಕಾರಣ ರೆಕ್ಕೆಯ ಮೇಣವೋ, ಕಂಬಗಳೋ? ಇದನ್ನು ಬಿಡಿಸಿದ ಪ್ರಯೋಗ ನನಗೆ ಇಡೀ ವಿಷಯದಲ್ಲೇ ಅತಿ ಚೆಂದ ಅನಿಸುತ್ತದೆ. ರೆಕ್ಕೆಗೆ ಸುಮಾರು 10 ನ್ಯಾನೊಮೀಟರ್ ದಪ್ಪದ ಚಿನ್ನದ ಪದರ ಲೇಪಿಸಿದರು. ಈಗ ಬ್ಯಾಕ್ಟೀರಿಯಾಕ್ಕೆ ತಾಗುವುದು ಚಿನ್ನ, ಆದರೆ ಕಂಬಗಳ ಆಕಾರ ಹಾಗೇ ಉಳಿದಿದೆ. ನೀರನ್ನು ದೂರವಿಡುವ ಗುಣ ಎದ್ದು ಕಾಣುವಷ್ಟು ತಗ್ಗಿತು. ಬ್ಯಾಕ್ಟೀರಿಯಾ ಮಾತ್ರ ಮೊದಲಿನಂತೆಯೇ ಸತ್ತವು. ಈ ವಿಷಯ ಹೇಳುವಾಗ ಈ ಪ್ರಯೋಗ ಬಿಡಬೇಡಿ. ‘ಆಕಾರವೇ ಕಾರಣ’ ಎಂಬ ಮಾತಿಗೆ ಆಧಾರ ಇದೇ.

ಕಂಬ ಸೂಜಿಯ ಹಾಗೆ ಚುಚ್ಚುತ್ತದೆ ಎಂದುಕೊಳ್ಳುವುದು ಸಹಜ. 2013ರಲ್ಲಿ ಇದೇ ಬಳಗ ಕೊಟ್ಟ ಭೌತಿಕ ಮಾದರಿ ಬೇರೆ ಹೇಳುತ್ತದೆ. ಬೇಲಿಗೂಟಗಳ ಮೇಲೆ ಹರವಿದ ಒದ್ದೆ ಬಟ್ಟೆಯಂತೆ ಕೋಶದ ಪೊರೆ ಕಂಬಗಳ ನಡುವೆ ಜೋತುಬೀಳುತ್ತದೆ. ಹಾಗೆ ಹಿಗ್ಗಿ ಹಿಗ್ಗಿ ಕಂಬಗಳ ನಡುವಿನ ಭಾಗದಲ್ಲೇ ಹರಿಯುತ್ತದೆ. ಹಾಗಿದ್ದರೆ ಪೊರೆ ಗಡುಸಾಗಿದ್ದಷ್ಟೂ ಹರಿಯುವುದು ಕಷ್ಟ. ಪೆಪ್ಟಿಡೋಗ್ಲೈಕನ್ ಎಂಬ ವಸ್ತುವಿನ ದಪ್ಪ ಭಿತ್ತಿಯಿರುವ ಗ್ರಾಂ ಪಾಸಿಟಿವ್ ಗುಂಪಿನ ಬ್ಯಾಕ್ಟೀರಿಯಾ ಈ ರೆಕ್ಕೆಯ ಮೇಲೆ ಬದುಕುಳಿದದ್ದು ಇದಕ್ಕೆ ಹೊಂದುತ್ತದೆ. ಅವುಗಳ ಗಡಸುತನವನ್ನು ಮೈಕ್ರೋವೇವ್‌ನಿಂದ ತಗ್ಗಿಸಿದಾಗ ಅವೂ ಹರಿದವು.

ಅದೇ 2013ರಲ್ಲಿ ಇವರು ಕಪ್ಪು ಸಿಲಿಕಾನ್ (ಮೈತುಂಬ ನ್ಯಾನೊ ಮೊನೆಗಳಿರುವ ಸಿಲಿಕಾನ್) ಪರೀಕ್ಷಿಸಿದರು. ಅದರ ಮೊನೆಗಳು ಸುಮಾರು 500 ನ್ಯಾನೊಮೀಟರ್ ಎತ್ತರ. ಡ್ರ್ಯಾಗನ್‌ಫ್ಲೈ ಕೀಟದ ರೆಕ್ಕೆಯ ಮೇಲಿನವನ್ನು ಹೋಲುತ್ತವೆ. ಇಲ್ಲಿ ಗ್ರಾಂ ಪಾಸಿಟಿವ್ ಕೂಡ ಸತ್ತವು. ಆದರೆ ಮೂಳೆಯಲ್ಲಿ ಕೂರುವ ಲೋಹ ಟೈಟಾನಿಯಂ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ತಂಡ ಟೈಟಾನಿಯಂ ಮೇಲೆಯೇ ಇಂಥ ನ್ಯಾನೊ ರಚನೆ ಕೆತ್ತಿ ಪರೀಕ್ಷಿಸಿದೆ. ಅಲ್ಲಿ ಪ್ರಶ್ನೆ ಎರಡು: ಬ್ಯಾಕ್ಟೀರಿಯಾ ಸಾಯಬೇಕು, ನಮ್ಮ ಮೂಳೆಯ ಕಡೆಯ ಕೋಶಗಳು ಅದೇ ಮೇಲ್ಮೈಯಲ್ಲಿ ಬೆಳೆಯಬೇಕು. ನಮ್ಮ ಕೋಶ ಬ್ಯಾಕ್ಟೀರಿಯಾಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಆದ್ದರಿಂದ ಎರಡೂ ಒಟ್ಟಿಗೆ ಸಾಧ್ಯ. ಉಳಿದ ತೊಡಕೆಂದರೆ ಸತ್ತ ಬ್ಯಾಕ್ಟೀರಿಯಾ ಅಲ್ಲೇ ಕೂರುತ್ತವೆ; ಕಂಬಗಳು ಮುಚ್ಚಿಹೋದರೆ ಮುಂದೆ ಬರುವವು ಆ ಶವಗಳ ಮೇಲೆ ಸುರಕ್ಷಿತವಾಗಿ ಇಳಿಯಬಹುದು.