ಮರುಸೋಂಕು: ಮರುಕಳಿಸುವುದು ಬೇರೆ, ಮತ್ತೆ ತಗಲುವುದು ಬೇರೆ

"ಕೋರ್ಸ್ ಮುಗಿಸಿ ಮೂರು ವಾರ ಆಗಿಲ್ಲ, ಮರುಸೋಂಕು ಬಂದಿದೆ. ಇನ್ನೂ ಪವರ್ ಇರುವ ಮಾತ್ರೆ ಯಾವುದು?" ಗುಪ್ತಾಂಗದ ಸೋಂಕುಗಳ ಬಗ್ಗೆ ಆರೋಗ್ಯ ಅಂಕಣಗಳಲ್ಲಿ ಈ ಪ್ರಶ್ನೆಗೆ ಕೊನೆಯೇ ಇಲ್ಲ. ಉತ್ತರ ಬರೆಯುವವರೂ ಆ ಪದವನ್ನು ಹಾಗೇ ಎತ್ತಿಕೊಂಡು ಇನ್ನೊಂದು ಆ್ಯಂಟಿಬಯಾಟಿಕ್ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಾರೆ. ಬಂದದ್ದು ನಿಜಕ್ಕೂ ಮರುಸೋಂಕೇ ಆಗಿದ್ದರೆ ಮೊದಲ ಮಾತ್ರೆ ತನ್ನ ಕೆಲಸ ಮಾಡಿಯಾಗಿತ್ತು. ಯಾರಿಂದ ಮತ್ತೆ ಬಂತು ಎಂಬುದನ್ನಷ್ಟೇ ಯಾರೂ ಕೇಳಲಿಲ್ಲ.

ಸೋಂಕು ಎಂದರೆ ಮುಟ್ಟು, ತಾಗು. ಅದು ಬರೀ ಕಾಯಿಲೆಯ ಮಾತಲ್ಲ. ವಚನಕಾರರಿಗೆ ಪರುಷ ಸೋಂಕಿದರೆ ಕಬ್ಬಿಣ ಹೊನ್ನಾಗುತ್ತಿತ್ತು. ಆಡುಮಾತಿನ 'ಸೋಕು' ಇವತ್ತಿಗೂ ಅದೇ: ತಂಗಾಳಿ ಸೋಕುತ್ತದೆ, ಸೆರಗು ಸೋಕುತ್ತದೆ, ನಂಬುವವರಿಗೆ ದೆವ್ವವೂ ಸೋಕುತ್ತದೆ. 'ರೋಗ'ದ ಮೂಲ ಸಂಸ್ಕೃತದ 'ರುಜ್', ಮುರಿ, ನೋಯಿಸು ಎಂಬ ಧಾತು. ನೋಯಲು ಒಂದು ದೇಹ ಸಾಕು, ಸೋಕಲು ಎರಡು ಬೇಕು. 'ನನಗೇನೂ ನೋವಿಲ್ಲ, ನನಗ್ಯಾಕೆ ಮಾತ್ರೆ?' ಎನ್ನುವ ಗಂಡ ರೋಗದ ಲೆಕ್ಕದಲ್ಲಿ ಮಾತಾಡುತ್ತಿದ್ದಾನೆ, ಡಾಕ್ಟರ್ ಸೋಂಕಿನ ಲೆಕ್ಕದಲ್ಲಿ. 'ಮರು' ಸೇರಿದಾಗ ಅರ್ಥ ನೆಟ್ಟಗಿದೆ: ಹೋದದ್ದು ಹೊರಗಿನಿಂದ ಇನ್ನೊಮ್ಮೆ ತಗಲಿತು. ಒಳಗೇ ಉಳಿದಿದ್ದದ್ದು ತಲೆಯೆತ್ತಿದರೆ ಅದು ಮರುಕಳಿಕೆ. ಜ್ವರ ಮರುಕಳಿಸಿತು ಎನ್ನುವಾಗ ಯಾರೂ ತಪ್ಪುವುದಿಲ್ಲ, ಇಲ್ಲಿ ಮಾತ್ರ ಯಾಕೋ.

ಲೈಂಗಿಕ ಸಂಪರ್ಕದಿಂದ ಹರಡುವ ಪರೋಪಜೀವಿ ಟ್ರೈಕೊಮೊನಾಸ್ ಮರುಸೋಂಕಿನ ಅಚ್ಚುಕಟ್ಟಾದ ಉದಾಹರಣೆ. ಗಂಡಸರಲ್ಲಿ ಬಹುಪಾಲು ಲಕ್ಷಣವೇ ಇರುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2021ರ ಮಾರ್ಗಸೂಚಿಯಲ್ಲಿ ಹೆಂಗಸಿಗೆ ಮೆಟ್ರೊನಿಡಜೋಲ್ 500 ಮಿ.ಗ್ರಾಂ ದಿನಕ್ಕೆರಡು ಬಾರಿ 7 ದಿನ, ಗಂಡಸಿಗೆ 2 ಗ್ರಾಂ ಒಂದೇ ಸಲ. ಅವಳು ಏಳು ದಿನ ತಪ್ಪದೆ ನುಂಗಿ, ಅವನು ನುಂಗದಿದ್ದರೆ, ಮತ್ತೆ ತಗಲುತ್ತದೆ. ಇನ್ನೂ ಪವರ್ ಇರುವ ಮಾತ್ರೆ ಇದಕ್ಕೆ ಏನು ಮಾಡೀತು?

ಹರ್ಪಿಸ್ ಇದಕ್ಕೆ ಪೂರ್ತಿ ತಿರುಗುಮುರುಗು. ವೈರಸ್ ನರಗಳ ಗಂಟಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ, ಹೊಸ ಸಂಪರ್ಕವಿಲ್ಲದೆಯೇ ಗುಳ್ಳೆ ಏಳುತ್ತವೆ. ಇದನ್ನು ಮರುಸೋಂಕು ಎಂದು ಬರೆದು ಎಷ್ಟು ಮನೆಗಳಲ್ಲಿ ಸುಮ್ಮನೆ ಅನುಮಾನ ಬಿತ್ತಿದ್ದಾರೋ. ಕ್ಯಾಂಡಿಡಾ ಮತ್ತೆ ಮತ್ತೆ ಬರುವುದೂ ಸಾಮಾನ್ಯವಾಗಿ ಸ್ವಂತ ದೇಹದ ಶಿಲೀಂಧ್ರದಿಂದಲೇ. ಗಂಡನಿಗೆ ತುರಿಕೆ, ಕೆಂಪು ಇಲ್ಲದಿದ್ದರೆ ಅವನಿಗೆ ಔಷಧಿ ಬೇಕಿಲ್ಲ, ಇವಳ ಸಕ್ಕರೆ ಪರೀಕ್ಷೆ ಬೇಕಾಗಬಹುದು. ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುವ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ನಲ್ಲೂ ಗಂಡನಿಗೆ ಏನೂ ಬೇಡ ಎಂದೇ ಬಹುಕಾಲ ಹೇಳುತ್ತಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಗಂಡಸಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ, ಜತೆಗೆ ಶಿಶ್ನದ ಚರ್ಮಕ್ಕೆ ಕ್ಲಿಂಡಾಮೈಸಿನ್ ಕ್ರೀಮ್ ಕೊಟ್ಟರು; 12 ವಾರದೊಳಗೆ ಮತ್ತೆ ಬಂದದ್ದು ಶೇ. 35 ಹೆಂಗಸರಿಗೆ. ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಅದು ಶೇ. 63. ಹಾಗಾದರೆ ನಾವು ಮರುಕಳಿಕೆ ಎನ್ನುತ್ತಿದ್ದುದರಲ್ಲಿ ಒಂದು ಪಾಲು ಮರುಸೋಂಕೇ ಆಗಿತ್ತು.

ಇನ್ನು ಇಂಥ ಸೋಂಕುಗಳಿಗೆಂದು ಕೊಡುವ ಮೆಡಿಕಲ್ ಶಾಪ್‌ನ 'ಕಿಟ್'. ಒಂದು ಪಟ್ಟಿಯಲ್ಲಿ ನಾಲ್ಕು ಮಾತ್ರೆ: ಫ್ಲುಕೊನಜೋಲ್ 150 ಮಿ.ಗ್ರಾಂ ಒಂದು, ಅಜಿತ್ರೋಮೈಸಿನ್ 1 ಗ್ರಾಂ ಒಂದು, ಸೆಕ್ನಿಡಜೋಲ್ 1 ಗ್ರಾಂನವು ಎರಡು. ನಾಲ್ಕಿವೆ, ಇಬ್ಬರಿದ್ದೇವೆ ಎಂದು ಎರಡೆರಡು ಹಂಚಿಕೊಳ್ಳುವವರಿದ್ದಾರೆ. ಆ ನಾಲ್ಕೂ ಒಬ್ಬರ ಡೋಸ್. ಸೆಕ್ನಿಡಜೋಲ್ 2 ಗ್ರಾಂ ಆಗಲೆಂದೇ ಎರಡು ಇಟ್ಟಿರುವುದು. ಹೇಗೆ ಹಂಚಿದರೂ ಇಬ್ಬರಲ್ಲಿ ಯಾರಿಗೂ ಪೂರ್ತಿ ಚಿಕಿತ್ಸೆ ಸಿಗುವುದಿಲ್ಲ. ಇಬ್ಬರೂ ಪೂರ್ತಿ ತೆಗೆದುಕೊಂಡರೂ ಸಿಫಿಲಿಸ್‌ಗೆ ಅದು ಚಿಕಿತ್ಸೆಯಲ್ಲ, ಅದಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಗನೊರಿಯಾಕ್ಕೂ ಅದನ್ನು ನೆಚ್ಚುವಂತಿಲ್ಲ. ಹೆಂಡತಿ ಗರ್ಭಿಣಿಯಾಗಿದ್ದರಂತೂ ಗಂಡನ ಚೀಟಿಯ ಡಾಕ್ಸಿಸೈಕ್ಲಿನ್ ಆಗಲಿ, ಕಿಟ್‌ನ ಫ್ಲುಕೊನಜೋಲ್ ಆಗಲಿ ತಾನಾಗಿ ಮುಟ್ಟಬಾರದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಎರಡೂ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಅದಕ್ಕೇ ಸಂಗಾತಿಗೆ ಬೇರೆ ಚೀಟಿ, ಬೇರೆ ಪ್ರಶ್ನೆಗಳು.

ಒಂದೇ ಸಲದ ಡೋಸ್ ಆದರೆ ನುಂಗಿದ ಮೇಲೆ 7 ದಿನ, ಏಳು ದಿನದ ಕೋರ್ಸ್ ಆದರೆ ಅದು ಮುಗಿಯುವವರೆಗೆ ಸಂಪರ್ಕ ಬೇಡ. ದಿನ ಎಣಿಸಬೇಕಾದ್ದು ಇಬ್ಬರಲ್ಲಿ ಕೊನೆಗೆ ಶುರು ಮಾಡಿದವರಿಂದ. ಇವಳು ಸೋಮವಾರ, ಅವನು ಶುಕ್ರವಾರ ನುಂಗಿದರೆ ಎಣಿಕೆ ಶುಕ್ರವಾರದಿಂದ. ಕ್ಲಮಿಡಿಯಾ, ಗನೊರಿಯಾ ಎಂಬ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಹಿಂದಿನ 60 ದಿನಗಳ ಸಂಗಾತಿಗಳಿಗೆಲ್ಲ ತಿಳಿಸಬೇಕು. ಆ ಅವಧಿಯಲ್ಲಿ ಯಾರೂ ಇರದಿದ್ದರೆ ಅದಕ್ಕೂ ಹಿಂದಿನ ಕೊನೆಯವರಿಗೆ.

ಕಾಂಡೋಮ್ ಇದೆಯಲ್ಲ ಎನ್ನುವವರು ಕ್ರೀಮ್ ಟ್ಯೂಬಿನ ಕಾಗದ ಓದಲಿ. ಕ್ಲಿಂಡಾಮೈಸಿನ್ ಯೋನಿ ಕ್ರೀಮ್‌ನಲ್ಲಿ ಎಣ್ಣೆಯಂಶವಿದೆ, ಅದು ಲೇಟೆಕ್ಸನ್ನು ದುರ್ಬಲ ಮಾಡುತ್ತದೆ. ಬಳಸುವಾಗಷ್ಟೇ ಅಲ್ಲ, ನಿಲ್ಲಿಸಿ 5 ದಿನದವರೆಗೂ. ಕ್ಯಾಂಡಿಡಾಕ್ಕೆ ಕೊಡುವ ಹಲವು ಕ್ರೀಮುಗಳದೂ ಇದೇ ತಕರಾರು.

ಪರೀಕ್ಷೆಯ ರಿಪೋರ್ಟ್ ನೋಡಿ 'ಮರುಸೋಂಕು' ಎನ್ನುವುದಕ್ಕೂ ಹೊತ್ತುಗೊತ್ತು ಇದೆ. ಕ್ಲಮಿಡಿಯಾಕ್ಕೆ ಮಾಡುವ, ರೋಗಾಣುವಿನ ಜೀನ್ ಹುಡುಕುವ ನ್ಯಾಟ್ ಪರೀಕ್ಷೆ ಸತ್ತ ಬ್ಯಾಕ್ಟೀರಿಯಾದ ತುಣುಕನ್ನೂ ಹಿಡಿಯುತ್ತದೆ. ಚಿಕಿತ್ಸೆಯಾಗಿ 4 ವಾರದೊಳಗೆ ಪಾಸಿಟಿವ್ ಬಂದರೆ ಅದು ಮರುಸೋಂಕೂ ಅಲ್ಲದೆ, ಮರುಕಳಿಕೆಯೂ ಅಲ್ಲದೆ, ಬರೀ ಹಳೆಯ ಕಸವಾಗಿರಬಹುದು. ಮರುಸೋಂಕನ್ನು ಹುಡುಕುವ ಪರೀಕ್ಷೆ ಸುಮಾರು 3 ತಿಂಗಳಿಗೆ.