ಅನಟೋಲಿಯಾದ ಎರಡು ಗ್ರೀಕ್ ನುಡಿಗಳು

ಪರ್ಷಿಯಾದ ಒಳನಾಡಿನಿಂದ ಹಿಂದಿರುಗುತ್ತಿದ್ದ ಗ್ರೀಕ್ ಸೇನಾನಿ ಝೆನೊಫನ್‌ನ ಸೈನಿಕರು ಕ್ರಿ.ಪೂ. 400ರಲ್ಲಿ ಬೆಟ್ಟಗಳನ್ನು ದಾಟಿ ಕಪ್ಪು ಸಮುದ್ರದ ದಂಡೆಗೆ ಇಳಿದಾಗ, ಅವರಿಗೆ ಆಸರೆ ಕೊಟ್ಟದ್ದು ಟ್ರಾಪೆಜಸ್ ಎಂಬ ಗ್ರೀಕ್ ಪಟ್ಟಣ. ಇಂದು ಟರ್ಕಿಯ ಟ್ರಾಬ್ಜಾನ್ ಆಗಿರುವ ಆ ಊರಿನ ಸುತ್ತಲಿನ ಕರಾವಳಿಯಲ್ಲಿ, ಅಂದರೆ ಪೊಂಟಸ್ ಪ್ರಾಂತ್ಯದಲ್ಲಿ, ರೋಮನ್ನರು ಬಂದು ಹೋದ ಮೇಲೂ, 1204ರಿಂದ 1461ರವರೆಗೆ ಬಾಳಿದ ಟ್ರೆಬಿಜಾಂಡ್ ಸಾಮ್ರಾಜ್ಯವು ಆಟೊಮನ್ ತುರ್ಕರ ವಶವಾದ ಮೇಲೂ ಗ್ರೀಕ್ ಮಾತು ನಿಲ್ಲಲಿಲ್ಲ. ಇಲ್ಲಿನ ಗ್ರೀಕರನ್ನು ವಲಸಿಗರೆಂದು ಕರೆಯುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು: ಗ್ರೀಸ್ ಎಂಬ ಸ್ವತಂತ್ರ ದೇಶಕ್ಕೆ ಮಾನ್ಯತೆ ದೊರೆತದ್ದು 1830ರಲ್ಲಿ, ಆ ಹೊತ್ತಿಗೆ ಇವರು ಈ ತೀರದಲ್ಲಿ ನೆಲೆಸಿ ಎರಡು ಸಾವಿರ ವರ್ಷಗಳೇ ಕಳೆದಿದ್ದವು.

ಅನಟೋಲಿಯಾದ, ಅಂದರೆ ಇಂದಿನ ಟರ್ಕಿಯ ಏಷ್ಯಾ ಭಾಗದ, ನಡುವಿನ ಕಪಡೋಕಿಯಾದಲ್ಲಿಯೂ ಗ್ರೀಕ್ ಮಾತನಾಡುವ ಹಳ್ಳಿಗಳಿದ್ದವು. ಅಲ್ಲಿನ ನುಡಿಯ ಗತಿ ಮಾತ್ರ ಬೇರೆಯಾಯಿತು. ಶತಮಾನಗಳ ಕಾಲ ತುರ್ಕಿ ಭಾಷಿಕರ ನಡುವೆ ಬದುಕಿದ ಈ ಜನ ತುರ್ಕಿಯಿಂದ ಪದಗಳನ್ನಷ್ಟೇ ಅಲ್ಲ, ವ್ಯಾಕರಣದ ಕ್ರಮವನ್ನೂ ಪಡೆದರು. ಗ್ರೀಕ್‌ನಲ್ಲಿ ಕಲ್ಲು, ಬಾಗಿಲು, ಮರ ಮೊದಲಾದ ಪ್ರತಿಯೊಂದು ನಾಮಪದಕ್ಕೂ ವ್ಯಾಕರಣದ ಲಿಂಗವಿದೆ. ತುರ್ಕಿಯಲ್ಲಿ ಲಿಂಗಭೇದವೇ ಇಲ್ಲ. ಕಪಡೋಕಿಯಾದ ಹಲವು ಹಳ್ಳಿಗಳ ಗ್ರೀಕ್‌ನಲ್ಲಿಯೂ ಅದು ಅಳಿಸಿಹೋಯಿತು. ಗ್ರೀಕ್‌ನ ಒಂದೇ ಪ್ರತ್ಯಯ ವಚನವನ್ನೂ ವಿಭಕ್ತಿಯನ್ನೂ ಒಟ್ಟಿಗೆ ಸೂಚಿಸುತ್ತದೆ. ಇಲ್ಲಿಯಾದರೋ ‘ಮರಗಳನ್ನು’ ಎಂಬಲ್ಲಿ ನಾವು ಮೊದಲು ಬಹುವಚನವನ್ನೂ ಆಮೇಲೆ ವಿಭಕ್ತಿಯನ್ನೂ ಸೇರಿಸುವಂತೆ ಒಂದರ ಹಿಂದೆ ಒಂದನ್ನು ಜೋಡಿಸುವ ರೂಢಿ ಬೆಳೆಯಿತು. ಈ ನುಡಿಗಳನ್ನು ಊರೂರು ಸುತ್ತಿ ದಾಖಲಿಸಿದ ಇಂಗ್ಲಿಷ್ ವಿದ್ವಾಂಸ ಡಾಕಿನ್ಸ್, ದೇಹ ಗ್ರೀಕ್ ಆಗಿಯೇ ಉಳಿದರೂ ಆತ್ಮ ತುರ್ಕಿಯಾಗಿದೆ ಎಂದು 1916ರಲ್ಲಿ ಬರೆದರು. ಆ ಮಾತಿನಲ್ಲಿ ಕೊರಗಿನ ಛಾಯೆಯಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಎರಡು ಭಾಷೆಗಳನ್ನು ದಿನವೂ ಬಳಸುವವರು ಎರಡರ ವಾಕ್ಯರಚನೆಯನ್ನೂ ಒಂದೇ ಎರಕಕ್ಕೆ ತರುವುದು ಸಹಜ ಪ್ರಕ್ರಿಯೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯಗಳು ಹೀಗೆಯೇ ಪರಸ್ಪರ ಹತ್ತಿರವಾಗಿರುವುದನ್ನು ಭಾಷಾ ಸಂಶೋಧಕರಾದ ಗಂಪರ್ಝ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದ್ದಾರೆ.

ಈ ಎರಡೂ ಸಮುದಾಯಗಳ ಭವಿಷ್ಯವನ್ನು ನಿರ್ಧರಿಸಿದ್ದು 1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಸಹಿಯಾದ ಒಪ್ಪಂದ. ಯುದ್ಧ, ಗಡೀಪಾರು ಮತ್ತು ಹತ್ಯೆಗಳ ಒಂದು ಭೀಕರ ದಶಕದ ಕೊನೆಯಲ್ಲಿ ಗ್ರೀಸ್ ಮತ್ತು ಟರ್ಕಿ ತಮ್ಮ ಜನರನ್ನು ಕಡ್ಡಾಯವಾಗಿ ವಿನಿಮಯ ಮಾಡಿಕೊಳ್ಳಲು ಒಪ್ಪಿದವು. ಆಗಲೇ ಓಡಿಹೋಗಿದ್ದ ನಿರಾಶ್ರಿತರೂ ಸೇರಿ ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿನ ಪಾಲಾದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ಟರ್ಕಿಗೆ ಹೋಗಬೇಕಾಯಿತು. ಜನರನ್ನು ಬೇರ್ಪಡಿಸಲು ಬಳಸಿದ ಅಳತೆ ಧರ್ಮವೇ ಹೊರತು ಭಾಷೆಯಲ್ಲ. ಹೀಗಾಗಿ ತುರ್ಕಿಯನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದ ಕರಮನ್ಲಿ ಕ್ರೈಸ್ತರು ತಮಗೆ ಭಾಷೆಯೇ ತಿಳಿಯದ ಗ್ರೀಸಿಗೆ ಬಂದಿಳಿದರೆ, ಗ್ರೀಕ್ ಮಾತ್ರ ಬಲ್ಲ ಕ್ರೀಟ್ ದ್ವೀಪದ ಮುಸ್ಲಿಮರು ಟರ್ಕಿಯ ಕರಾವಳಿಯನ್ನು ಸೇರಿದರು.

ಟ್ರಾಬ್ಜಾನಿನ ಪೂರ್ವಕ್ಕಿರುವ ಓಫ್ ಮತ್ತು ಚಾಯ್‌ಕಾರಾ ಕಣಿವೆಗಳ ಗ್ರೀಕ್ ಭಾಷಿಕರು ಬಹಳ ಹಿಂದೆಯೇ ಇಸ್ಲಾಂ ಸ್ವೀಕರಿಸಿದ್ದರಿಂದ ಈ ವಿನಿಮಯಕ್ಕೆ ಒಳಪಡದೆ ತಮ್ಮ ಬೆಟ್ಟಗಳಲ್ಲಿಯೇ ಉಳಿದರು. ಅವರು ಆಡುವ ರೊಮೇಯ್ಕಾ ನುಡಿ ಭಾಷಾವಿಜ್ಞಾನಿಗಳನ್ನು ಬೆರಗುಗೊಳಿಸಿದೆ. ‘ನನಗೆ ಹೇಳಲು ಆಗಲಿಲ್ಲ’ ಎಂಬ ವಾಕ್ಯದ ‘ಹೇಳಲು’ ಎಂಬುದು ಯಾರು, ಯಾವಾಗ ಎಂಬುದನ್ನು ಸೂಚಿಸದ ಕ್ರಿಯಾರೂಪ. ಪ್ರಾಚೀನ ಗ್ರೀಕ್‌ನಲ್ಲಿ ಇಂಥ ರೂಪ ಹೇರಳವಾಗಿತ್ತು. ಮಧ್ಯಯುಗದಲ್ಲಿ ಅದು ಕ್ರಮೇಣ ಕ್ಷೀಣಿಸಿತು. ಇಂದಿನ ಗ್ರೀಕರು ಅದರ ಬದಲು ಪುರುಷ, ವಚನಗಳ ಪ್ರತ್ಯಯ ಹೊತ್ತ ಪೂರ್ಣ ಕ್ರಿಯಾಪದವನ್ನೇ ಬಳಸುತ್ತಾರೆ. ರೊಮೇಯ್ಕಾದಲ್ಲಾದರೋ, ಅದರಲ್ಲೂ ‘ಆಗಲಿಲ್ಲ’ ಎಂಬಂಥ ಭೂತಕಾಲದ ನಿಷೇಧದ ಜೊತೆಗೆ, ಆ ಹಳೆಯ ರೂಪ ಜೀವಂತವಾಗಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಇಯೊವಾನ ಸಿತಾರಿದು, ಇದರ ಬೇರು ಮಧ್ಯಯುಗದ ಗ್ರೀಕ್‌ನಲ್ಲಲ್ಲ, ಅದಕ್ಕೂ ಹಿಂದಿನ, ಅಲೆಕ್ಸಾಂಡರನ ನಂತರದ ಹೆಲೆನಿಸ್ಟಿಕ್ ಕಾಲದ ಗ್ರೀಕ್‌ನಲ್ಲಿದೆ ಎಂದು ವಾದಿಸುತ್ತಾರೆ. ಮತಾಂತರವಾದ ಮೇಲೆ ಚರ್ಚಿನ ಗ್ರೀಕ್ ಅವರ ಕಿವಿಗೆ ಬೀಳಲಿಲ್ಲ, ಗ್ರೀಕ್ ಶಾಲೆಗಳಿರಲಿಲ್ಲ, ಬರವಣಿಗೆಯೂ ಇರಲಿಲ್ಲ. ಶಿಷ್ಟ ಭಾಷೆಯ ಒತ್ತಡವೇ ಇಲ್ಲದಿದ್ದುದರಿಂದ ಹಳೆಯದು ಹಾಗೆಯೇ ಉಳಿಯಲು ಸಾಧ್ಯವಾಯಿತು.

ಗ್ರೀಸಿಗೆ ಹೋದ ಕಪಡೋಕಿಯನ್ನರಿಗೆ ಆ ಒತ್ತಡ ಮೊದಲ ದಿನದಿಂದಲೇ ಎದುರಾಯಿತು. ಅನಟೋಲಿಯಾದಿಂದ ಬಂದ ನಿರಾಶ್ರಿತರನ್ನು ಸ್ಥಳೀಯರು ತುರ್ಕರ ಬೀಜವೆಂದು ಹೀಯಾಳಿಸಿದರು. ಶಾಲೆ ಶಿಷ್ಟ ಗ್ರೀಕನ್ನಷ್ಟೇ ಕಲಿಸಿತು. ತಂದೆತಾಯಿಯರು ಮಕ್ಕಳೊಡನೆ ತಮ್ಮ ನುಡಿಯಲ್ಲಿ ಮಾತನಾಡುವುದನ್ನೇ ಬಿಟ್ಟರು. ತುರ್ಕಿಯೊಡನೆ ಶತಮಾನಗಳ ಕಾಲ ಹೆಣಗಿ ಬಾಳಿದ್ದ ನುಡಿ ತನ್ನದೆನ್ನುವ ದೇಶದಲ್ಲಿ ಎರಡು ಮೂರು ತಲೆಮಾರುಗಳಲ್ಲಿ ಅಳಿದುಹೋಯಿತೆಂದೇ ವಿದ್ವಾಂಸರು ಭಾವಿಸಿದ್ದರು. ಆದರೆ 2005ರಲ್ಲಿ ಭಾಷಾವಿಜ್ಞಾನಿಗಳಾದ ಮಾರ್ಕ್ ಯಾನ್ಸೆ ಮತ್ತು ದಿಮಿತ್ರಿಸ್ ಪಾಪಜಖಾರಿಯು ಗ್ರೀಸಿನಲ್ಲಿ ಅದನ್ನು ಸರಾಗವಾಗಿ ಆಡಬಲ್ಲವರನ್ನು ಕಂಡುಕೊಂಡರು.

ರೊಮೇಯ್ಕಾ ಕೂಡ ಈಗ ಸುರಕ್ಷಿತವಾಗಿಲ್ಲ. ಯುವಜನರು ಇಸ್ತಾಂಬುಲ್‌ನಂಥ ನಗರಗಳಿಗೆ ವಲಸೆ ಹೋಗುತ್ತಿದ್ದಾರೆ, ಶಾಲೆಯೂ ದೂರದರ್ಶನವೂ ತುರ್ಕಿಯಲ್ಲಿವೆ, ಮತ್ತು ಇಂದು ಆ ನುಡಿಯನ್ನು ಆಡುವವರು ಕೆಲವೇ ಸಾವಿರ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಭಾಷಿಕರು ತಾವಿದ್ದಲ್ಲಿಂದಲೇ ತಮ್ಮ ಮಾತನ್ನು ಧ್ವನಿಮುದ್ರಿಸಿ ಕಳುಹಿಸಲು ಅನುವಾಗುವಂತೆ ಸಿತಾರಿದು 2024ರಲ್ಲಿ ಅಂತರಜಾಲ ವೇದಿಕೆಯೊಂದನ್ನು ತೆರೆದಿದ್ದಾರೆ.