ರೆಸಿನ್ ಕಿಟ್ ತೊಳೆಯುವುದು ಕೊಳೆ ಹೋಗಲೆಂದಲ್ಲ

ಕಳೆದ ತಿಂಗಳು ಯುವಕರೊಬ್ಬರು ಜಪಾನಿನಿಂದ ತರಿಸಿದ ಗ್ಯಾರೇಜ್ ಕಿಟ್ಟಿನ (ರೆಸಿನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ, ನಾವೇ ಜೋಡಿಸಿ ಬಣ್ಣ ಹಚ್ಚಬೇಕಾದ ಬಿಡಿಭಾಗಗಳ) ಗೊಂಬೆಯೊಂದನ್ನು ನನ್ನ ಬಳಿ ತಂದಿದ್ದರು. ಅಂಚು ನೇರವಾಗಿ ಬರಲೆಂದು ಅಂಟಿಸಿದ್ದ ಮಾಸ್ಕಿಂಗ್ ಟೇಪನ್ನು ಕಿತ್ತಾಗ, ಕೆನ್ನೆಯ ಬಣ್ಣ ಅದರಡಿಯ ಪ್ರೈಮರಿನ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಸಮೇತ ಹಾಳೆಯಂತೆ ಎದ್ದು ಬಂದಿತ್ತು. ಕಣ್ಣುಗಳನ್ನು ಬರೆಯಲು ಅವರು ಮೂರು ವಾರ ಕೂತಿದ್ದರು ಎಂದು ಕೇಳಿ ನನಗೂ ಸಂಕಟವಾಯಿತು. ಬಣ್ಣ ಹಚ್ಚುವ ಮೊದಲು ಭಾಗಗಳನ್ನು ತೊಳೆದಿದ್ದಿರಾ ಎಂದು ಕೇಳಿದರೆ, "ಹೊಸ ಕಿಟ್ ಸರ್, ಒಂದಿಷ್ಟೂ ಧೂಳಿರಲಿಲ್ಲ" ಎಂದರು. ಈ ಉತ್ತರವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಧೂಳಿನ ಪ್ರಶ್ನೆಯೇ ಇಲ್ಲಿಲ್ಲ. ಪಾಲಿಯುರೇಥೇನ್ ರೆಸಿನ್ನನ್ನು ಸಿಲಿಕೋನ್ ರಬ್ಬರಿನ ಅಚ್ಚಿಗೆ ಸುರಿದು ಎರಕ ತೆಗೆಯುತ್ತಾರೆ. ಅಚ್ಚು ಬೇಗ ಹಾಳಾಗದಿರಲಿ, ಭಾಗಗಳು ಸುಲಭವಾಗಿ ಬಿಟ್ಟುಬರಲಿ ಎಂದು ಅದರ ಒಳಮೈಗೆ ಎಣ್ಣೆಯಂಥ ರಿಲೀಸ್ ಏಜೆಂಟ್ ಸಿಂಪಡಿಸುವುದು ವಾಡಿಕೆ. ಯಾವುದೂ ಅಂಟದಂತೆ ನೋಡಿಕೊಳ್ಳುವುದೇ ಆ ಎಣ್ಣೆಯ ಕೆಲಸವಾದ್ದರಿಂದ, ಅದು ಬಣ್ಣವನ್ನೂ ಅಂಟಗೊಡುವುದಿಲ್ಲ. ಪ್ರೈಮರ್ ಎಷ್ಟೇ ಒಳ್ಳೆಯದಾದರೂ ಅದು ಹಿಡಿಯುವುದು ರೆಸಿನ್ನನ್ನಲ್ಲ, ನಡುವಿನ ಆ ಪದರವನ್ನು. ತಯಾರಕರು ರಿಲೀಸ್ ಏಜೆಂಟ್ ಬಳಸಿಲ್ಲವೆಂದರೂ ತೊಳೆಯಿರಿ, ಏಕೆಂದರೆ ಸಿಲಿಕೋನ್ ಅಚ್ಚಿನಿಂದಲೂ ಸ್ವಲ್ಪ ಎಣ್ಣೆ ಒಸರಬಹುದು.

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ, ಹಳೆಯ ಟೂತ್‌ಬ್ರಷ್ ಇಷ್ಟಿದ್ದರೆ ಸಾಕು. ಕುದಿಯುವ ನೀರು ಬೇಡ. ಬಿಸಿಗೆ ರೆಸಿನ್ ಮೆತ್ತಗಾಗಿ ಕತ್ತಿ, ಬೆರಳುಗಳಂಥ ತೆಳು ಭಾಗಗಳು ಸೊಟ್ಟಗಾಗುತ್ತವೆ. ಎಣ್ಣೆ ಹೋಯಿತೋ ಇಲ್ಲವೋ ಎಂಬುದನ್ನು ನೀರೇ ಹೇಳುತ್ತದೆ: ತೊಳೆದ ಭಾಗದ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಮತ್ತೆ ಉಜ್ಜಬೇಕು, ತೆಳುವಾದ ಪರದೆಯಂತೆ ಹರಡಿ ನಿಂತರೆ ಮುಂದುವರಿಯಬಹುದು. ಕೂದಲಿನ ಎಳೆಗಳ ಸಂದು, ಬಟ್ಟೆಯ ನೆರಿಗೆಯ ಒಳಬದಿ, ಇಲ್ಲೇ ಎಣ್ಣೆ ಹೆಚ್ಚು ಉಳಿಯುತ್ತದೆ.

ಉಪ್ಪುಕಾಗದದಿಂದ ಹೇಗೂ ಉಜ್ಜುತ್ತೇವಲ್ಲ, ಎಣ್ಣೆಯೂ ಅದರೊಂದಿಗೆ ಹೋಗದೇ ಎಂದು ಹಲವರು ಕೇಳುತ್ತಾರೆ. ಹೋಗುವುದು ಉಜ್ಜಿದ ಕಡೆ ಮಾತ್ರ. ಅದೂ ಪೂರ್ತಿ ಹೋಗದೆ ಕಾಗದಕ್ಕೆ ಮೆತ್ತಿಕೊಂಡು ಪಕ್ಕದ ಜಾಗಕ್ಕೆ ಹರಡುತ್ತದೆ. ಆದ್ದರಿಂದ ಮೊದಲು ತೊಳೆದು, ನಂತರ ಅಚ್ಚಿನ ಗೆರೆಗಳನ್ನು (ಅಚ್ಚಿನ ಎರಡು ಭಾಗ ಕೂಡುವಲ್ಲಿ ಉಳಿಯುವ ಏಣು) 400ರಿಂದ 600 ಗ್ರಿಟ್‌ನ (ಸಂಖ್ಯೆ ಹೆಚ್ಚಾದಷ್ಟೂ ನಯ) ಉಪ್ಪುಕಾಗದದಲ್ಲಿ ನೀರು ಹಾಕಿಕೊಂಡು ಉಜ್ಜಿ, ಆ ಪುಡಿ ಹೋಗಲು ಮತ್ತೊಮ್ಮೆ ತೊಳೆಯಬೇಕು. ಒಣಗಿಸಿ ಉಜ್ಜಿದರೆ ಏಳುವ ಸಣ್ಣ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಬಳಸಿದರೂ ಎನ್95 ಮಾಸ್ಕ್ ಇರಲಿ.

ಎರಡನೆಯ ತೊಳೆತದ ನಂತರ ಬರಿಗೈಯಿಂದ ಮುಟ್ಟದೆ ರಾತ್ರಿಯಿಡೀ ಒಣಗಲು ಬಿಡಿ. ಭಾಗಗಳನ್ನು ಭದ್ರವಾಗಿ ಜೋಡಿಸುವ ಹಿತ್ತಾಳೆ ತಂತಿ ಸೇರಿಸಲು ಕೊರೆದ ರಂಧ್ರಗಳಿದ್ದರೆ ಅವುಗಳಲ್ಲಿ ನೀರು ನಿಂತಿರುತ್ತದೆ, ಅದನ್ನು ಊದಿ ತೆಗೆಯಿರಿ. ಆ ಯುವಕರ ಗೊಂಬೆ ಬಣ್ಣವನ್ನೆಲ್ಲ ಕಳಚಿಕೊಂಡು ಈಗ ನನ್ನ ಮೇಜಿನ ಮೇಲೆ ಒಣಗುತ್ತಿದೆ. ಈ ಸಲ ನೀರು ಎಲ್ಲೂ ಹನಿಗಟ್ಟಲಿಲ್ಲ. ಕಣ್ಣುಗಳನ್ನು ಮಾತ್ರ ಅವರು ಮತ್ತೆ ಬರೆಯಬೇಕು.